ಇಬ್ಬರೂ ಕೆಲಸಕ್ಕೆ ಹೋಗುತ್ತಲೇ ಬೆಂಗಳೂರಿನಿಂದ ಪುಣೆಗೆ ಮನೆ ಸಾಗಿಸಿದ್ದು ಹೇಗೆ?

ನಮ್ಮ ಸಂಸಾರ ಬೆಂಗಳೂರಿನಿಂದ ಪುಣೆಗೆ ಬಂದ ಮೇಲೆ, ವರ್ಗಾವಣೆಯ ಆದೇಶ ಕೈಗೆ ಬಂದ ಪರಿಚಿತರೆಲ್ಲ ನನ್ನನ್ನು ಕೇಳುವ ಪ್ರಶ್ನೆ ಒಂದೇ: ‘ಗಂಡ ಹೆಂಡತಿ ಇಬ್ಬರೂ ದಿನವಿಡೀ ಕೆಲಸದಲ್ಲಿರುವವರು, ಎಂಟುನೂರು ಕಿಲೋಮೀಟರಿಗೂ ದೂರದ ಊರಿಗೆ ಮನೆ ಸಾಗಿಸಲು ನಿಮಗೆ ಸಮಯ ಸಿಕ್ಕಿದ್ದಾದರೂ ಹೇಗೆ?’ ಇಂಥ ಸಂದರ್ಭದಲ್ಲಿ ನಿಜವಾಗಿ ಕೊರತೆ ಬೀಳುವುದು ಕಚೇರಿಗಳು ತೆರೆದಿರುವ ಹಗಲಿನ ಹೊತ್ತು ಎಂಬುದು ನನ್ನ ಉತ್ತರ. ಪುಸ್ತಕ, ಪಾತ್ರೆಗಳನ್ನು ರಾತ್ರಿ ಊಟವಾದ ಮೇಲೂ ಕಟ್ಟಿಡಬಹುದು. ಆದರೆ ಗ್ಯಾಸ್ ಏಜೆನ್ಸಿ, ಮಕ್ಕಳ ಶಾಲೆ, ಬ್ಯಾಂಕಿನ ಲಾಕರ್, ಆರ್‌ಟಿಒ ಇವೆಲ್ಲ ನಾವು ಕೆಲಸದಲ್ಲಿರುವ ಹೊತ್ತಿನಲ್ಲೇ ತೆರೆದಿದ್ದು, ನಾವು ಬಿಡುವಾಗುವ ಹೊತ್ತಿಗೆ ಮುಚ್ಚಿರುತ್ತವೆ. ಆದ್ದರಿಂದ ಹಗಲಿನಲ್ಲೇ, ಖುದ್ದಾಗಿ ಹೋಗಿ ಮಾಡಬೇಕಾದ ಕೆಲಸಗಳನ್ನು ಮೊದಲು ಬೇರೆಯಾಗಿ ಬರೆದುಕೊಂಡು, ಕೈಯಲ್ಲಿರುವ ರಜೆಯನ್ನೆಲ್ಲ ಅವುಗಳಿಗೇ ಮೀಸಲಿಡಬೇಕು. ಮಿಕ್ಕಿದ್ದನ್ನು ಸಂಜೆಗೆ, ಭಾನುವಾರಕ್ಕೆ, ಇಲ್ಲವೇ ಊಟದ ವಿರಾಮದ ದೂರವಾಣಿ ಕರೆಗಳಿಗೆ ಬಿಡಬಹುದು.

ಆ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೊದಲು ಬರಬೇಕಾದದ್ದು ವಾಹನ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವ ವಾಹನಕ್ಕೆ ಆ ರಾಜ್ಯದ ಹೊಸ ನೋಂದಣಿ ಸಂಖ್ಯೆ ಪಡೆಯಬೇಕೆಂದು 1988ರ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಅದಕ್ಕೆ ಮೊದಲ ಮೆಟ್ಟಿಲು, ವಾಹನ ನೋಂದಣಿಯಾಗಿರುವ ಆರ್‌ಟಿಒ ಕಚೇರಿಯಿಂದ ನಮೂನೆ 28ರಲ್ಲಿ ಪಡೆಯುವ ನಿರಾಕ್ಷೇಪಣಾ ಪತ್ರ. ಸಾಲದಲ್ಲಿ ಕೊಂಡ ಕಾರಾಗಿದ್ದರೆ ಸಾಲ ಕೊಟ್ಟ ಬ್ಯಾಂಕಿನ ಒಪ್ಪಿಗೆಯೂ ಬೇಕಾಗುವುದರಿಂದ, ಲಾರಿಯ ದಿನ ಗೊತ್ತಾಗುವವರೆಗೆ ಕಾಯದೆ ಆದೇಶ ಬಂದ ವಾರದಲ್ಲೇ ಅರ್ಜಿ ಹಾಕುವುದು ಒಳ್ಳೆಯದು. ಅಡುಗೆ ಅನಿಲದ ವಿಷಯ ಇದಕ್ಕಿಂತ ಸುಲಭ: ಸಿಲಿಂಡರ್ ಮತ್ತು ರೆಗ್ಯುಲೇಟರನ್ನು ಏಜೆನ್ಸಿಗೆ ಒಪ್ಪಿಸಿ, ಠೇವಣಿ ಹಿಂಪಡೆದು, ಟರ್ಮಿನೇಷನ್ ವೋಚರ್ ಪಡೆದುಕೊಂಡರೆ ಹೊಸ ಊರಿನಲ್ಲಿ ಅದನ್ನು ತೋರಿಸಿ ಸಂಪರ್ಕ ಪಡೆಯಬಹುದು. ಶಾಲೆಯ ವರ್ಗಾವಣೆ ಪತ್ರಕ್ಕೆ, ಸೇರಿಸಲಿರುವ ಶಾಲೆಯವರು ಶಿಕ್ಷಣ ಇಲಾಖೆಯ ಮೇಲುಸಹಿ ಕೇಳುತ್ತಾರೋ ಇಲ್ಲವೋ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಿ; ಆ ಒಂದು ಸಹಿಗಾಗಿ ಪುಣೆಯಿಂದ ಬೆಂಗಳೂರಿಗೆ ಮರಳಿ ಬರುವಂತಾಗಬಾರದು.

ಇನ್ನು ಲಾರಿಯ ಮಾತು. ಪ್ಯಾಕರ್ಸ್ ಅಂಡ್ ಮೂವರ್ಸ್‌ನವರು ಸಾಮಾನ್ಯವಾಗಿ ಎರಡು ಬಗೆಯ ದರ ಹೇಳುತ್ತಾರೆ. ಮೊದಲನೆಯದರಲ್ಲಿ ನಿಮ್ಮ ಸಾಮಾನು ಬೇರೆ ಮನೆಗಳ ಸಾಮಾನಿನೊಂದಿಗೆ ಒಂದೇ ಲಾರಿಯಲ್ಲಿ ಹೋಗುತ್ತದೆ. ದರ ಕಡಿಮೆ, ಆದರೆ ಗೋದಾಮಿನಲ್ಲಿ ಇಳಿಸಿ ಮತ್ತೆ ಏರಿಸುವುದರಿಂದ ಪೆಟ್ಟು ಬೀಳುವ ಸಂಭವ ಹೆಚ್ಚು ಮತ್ತು ತಲುಪುವ ದಿನವನ್ನು ಯಾರೂ ಖಚಿತವಾಗಿ ಹೇಳುವುದಿಲ್ಲ. ಎರಡನೆಯದರಲ್ಲಿ ಇಡೀ ಲಾರಿ ನಿಮ್ಮದೇ. ಕೆಲಸದಲ್ಲಿರುವವರು ಹೆಚ್ಚು ಹಣ ಕೊಟ್ಟಾದರೂ ಎರಡನೆಯದನ್ನೇ ಆರಿಸಿಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಸಾಮಾನು ಬರುವ ದಿನ ಗೊತ್ತಿಲ್ಲದಿದ್ದರೆ ರಜೆಯನ್ನು ಯಾವ ದಿನಕ್ಕೆ ಹಾಕಬೇಕೆಂಬುದೇ ತಿಳಿಯದೆ ಇರುವ ರಜೆಯೂ ವ್ಯರ್ಥವಾಗುತ್ತದೆ. ಕಂಪನಿ ಖರ್ಚು ಭರಿಸುವುದಾದರೆ, ಬ್ಯಾಂಕುಗಳ ಸಂಘವಾದ ಐಬಿಎ ಮಾನ್ಯತೆ ಪಡೆದವರ ಬಿಲ್ಲನ್ನೇ ಕೇಳುತ್ತದೆಯೇ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಮನೆಗೆ ಬಂದು ಸಾಮಾನು ನೋಡದೆ ಫೋನಿನಲ್ಲೇ ದರ ಹೇಳುವವರನ್ನು ಒಪ್ಪಬೇಡಿ. ಸಾಮಾನು ಲಾರಿ ಏರಿದ ಮೇಲೆ ‘ಇಷ್ಟೊಂದು ಇದೆ ಎಂದು ಹೇಳಿರಲಿಲ್ಲ’ ಎಂದು ಹೆಚ್ಚಿನ ಹಣಕ್ಕೆ ಪಟ್ಟು ಹಿಡಿಯುವ ಪರಿಪಾಠ ಈ ವ್ಯವಹಾರದಲ್ಲಿ ಸಾಕಷ್ಟಿದೆ. ಬಾಡಿಗೆಯ ಒಂದು ಭಾಗವನ್ನಾದರೂ ಸಾಮಾನು ಇಳಿಸಿದ ಮೇಲೆ ಕೊಡುವಂತೆ ಬರವಣಿಗೆಯಲ್ಲಿ ಮಾತಾಗಿರಬೇಕು. ಲಾರಿಗೆ ಸಾಮಾನು ಏರಿಸಿದ್ದಕ್ಕೆ ಸಾಗಣೆಯವರು ಕೊಡುವ ಎಲ್‌ಆರ್ ರಸೀದಿಯಲ್ಲಿ ‘ಸಾಮಾನಿನ ಮಾಲೀಕರ ಹೊಣೆ’ ಎಂದಿದ್ದರೆ ಒಡೆದ ವಸ್ತುವಿಗೆ ಪರಿಹಾರ ಸಿಗುವುದು ಕಷ್ಟ. ಆದ್ದರಿಂದ ಸಾಗಣೆ ವಿಮೆ ಮಾಡಿಸಿ, ಅದರ ಪ್ರತಿಯನ್ನು ಕೈಗೆ ತೆಗೆದುಕೊಳ್ಳಬೇಕು.

ಸಾಮಾನು ಕಟ್ಟುವಾಗ ಹೆಚ್ಚಿನವರ ಗಮನಕ್ಕೆ ಬಾರದ ಒಂದು ವಿಷಯವಿದೆ. ಮುಂಬಾಗಿಲಿನ ವಾಷಿಂಗ್ ಮಷಿನ್ ಹೊಸದಾಗಿ ಬಂದಾಗ ಅದರ ಹಿಂಬದಿಯಲ್ಲಿ ಉದ್ದನೆಯ ಬೋಲ್ಟುಗಳಿರುತ್ತವೆ. ಒಳಗಿನ ಡ್ರಮ್ ಸ್ಪ್ರಿಂಗುಗಳ ಮೇಲೆ ತೂಗುತ್ತಿರುವುದರಿಂದ ಸಾಗಣೆಯಲ್ಲಿ ಅದು ಅಲುಗಾಡದಂತೆ ಈ ಬೋಲ್ಟುಗಳು ಹಿಡಿದಿಟ್ಟಿರುತ್ತವೆ. ಮಷಿನ್ ಕೂರಿಸಲು ಬಂದ ಮೆಕ್ಯಾನಿಕ್ ಅವನ್ನು ಬಿಚ್ಚಿ ಮನೆಯವರ ಕೈಗೆ ಕೊಡುತ್ತಾನೆ, ಅವು ಯಾವುದೋ ಡಬ್ಬದಲ್ಲಿ ಉಳಿದುಬಿಡುತ್ತವೆ. ಲಾರಿ ಬರುವ ಮುಂಚೆ ಅವನ್ನು ಹುಡುಕಿ ಮತ್ತೆ ಬಿಗಿಸಬೇಕು, ಹೊಸ ಮನೆಯಲ್ಲಿ ಮಷಿನ್ ಚಾಲೂ ಮಾಡುವ ಮುಂಚೆ ಮರೆಯದೆ ಬಿಚ್ಚಬೇಕು. ಫ್ರಿಜ್ಜನ್ನು ಹಿಂದಿನ ದಿನವೇ ಆರಿಸಿ ಒಳಗಿನ ನೀರು ಒಣಗಿಸಬೇಕು. ಗ್ರೈಂಡರಿನ ಕಲ್ಲನ್ನು ಬಿಚ್ಚಿ ಬೇರೆಯಾಗಿ ಸುತ್ತಿಸಬೇಕು. ವಯಸ್ಸಾದವರ ಔಷಧ, ವೈದ್ಯರ ಚೀಟಿ, ಒಡವೆ, ಮೂಲ ದಾಖಲೆಗಳು ಎಂದಿಗೂ ಲಾರಿಗೆ ಹೋಗಬಾರದು. ಅವು ನಮ್ಮೊಂದಿಗೇ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಬಂದವು.

ಹಣದ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಬೇಕು. ಬೆಂಗಳೂರಿನ ಮನೆಗೆ ಕೊಟ್ಟ ದೊಡ್ಡ ಮೊತ್ತದ ಅಡ್ವಾನ್ಸ್, ಬಣ್ಣದ ಖರ್ಚು ಕಳೆದು ಕೈಗೆ ಬರುವುದು ಬೀಗದ ಕೈ ಒಪ್ಪಿಸಿದ ಮೇಲೆ. ಪುಣೆಯ ಮನೆಗೆ ಕೊಡಬೇಕಾದ ಠೇವಣಿ ಅದಕ್ಕಿಂತ ಮೊದಲು. ಈ ನಡುವಿನ ಅವಧಿಗೆ ಬೇಕಾದ ಹಣವನ್ನು ಬೇರೆಯಾಗಿ ತೆಗೆದಿಟ್ಟವರು ಮಾತ್ರ ಕೆಲಸದ ಕಡೆ ಗಮನ ಕೊಡಬಲ್ಲರು. ಮಹಾರಾಷ್ಟ್ರದಲ್ಲಿ ಬಾಡಿಗೆ ಕರಾರನ್ನು ನೋಂದಾಯಿಸುವುದು 1999ರ ಕಾಯ್ದೆಯಂತೆ ಕಡ್ಡಾಯ. ಏಜೆಂಟರು ಬೆರಳಿನ ಗುರುತು ಪಡೆಯುವ ಯಂತ್ರದೊಂದಿಗೆ ಸಂಜೆ ಮನೆಗೇ ಬರುವುದರಿಂದ ಇದಕ್ಕೆ ಹಗಲಿನ ಹೊತ್ತು ಹೋಗುವುದಿಲ್ಲ, ಮತ್ತು ಆ ಪತ್ರವೇ ವಿಳಾಸದ ದಾಖಲೆಯಾಗಿ ಎಲ್ಲ ಕಡೆ ಒದಗುತ್ತದೆ. ಹಳೆಯ ಮನೆಯ ಬಾಡಿಗೆ ರಸೀದಿಗಳನ್ನೂ, ವರ್ಷದ ಬಾಡಿಗೆ ಒಂದು ಲಕ್ಷ ದಾಟಿದ್ದರೆ ಮಾಲೀಕರ ಪ್ಯಾನ್ ಸಂಖ್ಯೆಯನ್ನೂ ಹೊರಡುವ ಮುಂಚೆಯೇ ಪಡೆದುಕೊಳ್ಳಿ, ಆದಾಯ ತೆರಿಗೆಯ ಲೆಕ್ಕಕ್ಕೆ ಅವು ಬೇಕಾಗುತ್ತವೆ.

ಕಚೇರಿಯಲ್ಲಿ ಮೇಲಧಿಕಾರಿಗೆ ‘ಸ್ವಲ್ಪ ಓಡಾಟವಿರುತ್ತದೆ’ ಎಂದು ಅಸ್ಪಷ್ಟವಾಗಿ ಹೇಳುವುದಕ್ಕಿಂತ, ಯಾವ ದಿನ ಲಾರಿ ಹೊರಡುತ್ತದೆ, ಯಾವ ದಿನ ನೀವು ಕೆಲಸಕ್ಕೆ ಸಿಗುವುದಿಲ್ಲ ಎಂಬುದನ್ನು ಬರೆದು ತಿಳಿಸುವುದು ಮೇಲು. ಸಾಮಾನು ಇಳಿಯುವ ದಿನ ಮತ್ತು ಅದರ ಮರುದಿನ, ಎರಡಕ್ಕೂ ರಜೆ ಬೇಕು. ಅಡುಗೆಮನೆ, ಹಾಸಿಗೆ, ಇಂಟರ್ನೆಟ್ ಮೂರು ಸರಿಯಾದರೆ ಮೂರನೆಯ ದಿನ ಕೆಲಸಕ್ಕೆ ಕೂರಬಹುದು, ಉಳಿದ ಡಬ್ಬಗಳು ಕಾಯುತ್ತವೆ. ಇಲ್ಲಿ ಇನ್ನೊಂದು ಮಾತನ್ನು ಒತ್ತಿ ಹೇಳಬೇಕು: ಇಬ್ಬರೂ ದುಡಿಯುವ ಮನೆಯಲ್ಲಿ ಈ ಕೆಲಸಗಳು ಹೆಂಡತಿಯ ತಲೆಗೇ ಬಂದು ಬೀಳುವುದು ಅನ್ಯಾಯ. ನಮ್ಮ ಪಟ್ಟಿಯಲ್ಲಿ ಪ್ರತಿಯೊಂದು ಕೆಲಸದ ಮುಂದೆ ಒಬ್ಬರ ಹೆಸರಿತ್ತು, ಹೆಸರಿರುವವರೇ ಅದನ್ನು ನೆನಪಿಟ್ಟುಕೊಂಡು ಮುಗಿಸಬೇಕಾಗಿತ್ತು.

ಬಂದ ಮೇಲೆ ಉಳಿಯುವುದು ಮತದಾರರ ಪಟ್ಟಿ, ಆಧಾರ್ ಮತ್ತು ವಾಹನ. ಮತದಾರರ ವಿಳಾಸ ಬದಲಾವಣೆಗೆ ನಮೂನೆ 8 ಇದ್ದು, ಅದನ್ನು ರಾತ್ರಿ ಮನೆಯಲ್ಲೇ ಕುಳಿತು ತುಂಬಬಹುದು. ಕರ್ನಾಟಕದಲ್ಲಿ ಕಟ್ಟಿದ ಆಜೀವ ವಾಹನ ತೆರಿಗೆಯ ಉಳಿದ ಭಾಗ ಮರಳಿ ಬರಬೇಕಾದರೆ ಮಹಾರಾಷ್ಟ್ರದ ಮರುನೋಂದಣಿ ಮುಗಿದಿರಬೇಕು. ಆ ದಾಖಲೆಗಳೊಂದಿಗೆ ಬೆಂಗಳೂರಿನ ಆರ್‌ಟಿಒ ಕಚೇರಿಗೆ ಹೋಗಲು, ಹಬ್ಬಕ್ಕೆ ಊರಿಗೆ ಹೋಗುವ ರಜೆಯೊಂದಿಗೆ ಒಂದು ಕೆಲಸದ ದಿನವನ್ನು ಸೇರಿಸಿಕೊಳ್ಳಿ.