183 ದಿನದ ಲೆಕ್ಕ ನಂಬಿ ನಾನು ಕೊಟ್ಟ ತಪ್ಪು ಸಲಹೆ

ನಾನು ಪೇರೋಲ್ ವಿಭಾಗದಲ್ಲಿದ್ದೇನೆ. ಕೆಲಸದ ಮೇಲೆ ಬೇರೆ ದೇಶಕ್ಕೆ ಹೋಗುವವರ ಸಂಬಳ, ತೆರಿಗೆ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಶುರುವಿನಲ್ಲಿ ಯಾರು ಕೇಳಿದರೂ ನನ್ನದು ಒಂದೇ ಉತ್ತರ: "183 ದಿನ ದಾಟಬೇಡಿ, ಅಲ್ಲಿ ತೆರಿಗೆ ಬರಲ್ಲ."

ಒಬ್ಬ ಸಹೋದ್ಯೋಗಿ ಅದನ್ನೇ ನಂಬಿ ಹೋದರು. 150 ದಿನಕ್ಕೆ ವಾಪಸ್ ಬಂದರು. ಮರುವರ್ಷ ಆ ದೇಶದಿಂದ ತೆರಿಗೆ ನೋಟಿಸ್ ಬಂತು, ಮೊದಲ ದಿನದಿಂದಲೇ ಲೆಕ್ಕ ಹಾಕಿ. ಅದನ್ನು ಹಿಡಿದು ನನ್ನ ಮೇಜಿನ ಮುಂದೆ ನಿಂತ ಅವರ ಮುಖ ಇನ್ನೂ ನೆನಪಿದೆ.

ಆ ದೇಶದ ಜೊತೆಗಿನ ತೆರಿಗೆ ಒಪ್ಪಂದ ತೆಗೆದು ಓದಿದಾಗಲೇ ಗೊತ್ತಾಗಿದ್ದು, 183 ಎರಡು ಬೇರೆ ಬೇರೆ ಜಾಗದಲ್ಲಿ ಬರುತ್ತದೆ. ಒಂದು, ಹಲವು ದೇಶಗಳ ಸ್ವಂತ ಕಾನೂನಿನಲ್ಲಿ: ಇಷ್ಟು ದಿನ ಇದ್ದರೆ ತೆರಿಗೆಯ ಮಟ್ಟಿಗೆ ನೀವು ನಮ್ಮ ನಿವಾಸಿ ಅಂತ. ಇನ್ನೊಂದು, ಎರಡು ದೇಶಗಳ ನಡುವಿನ ತೆರಿಗೆ ಒಪ್ಪಂದದಲ್ಲಿ, ಸಂಬಳಕ್ಕೆ ವಿನಾಯಿತಿ ಕೊಡುವಾಗ. ಇಂಥ ಒಪ್ಪಂದಗಳಿಗೆ ಮಾದರಿಯಾಗಿ ಒಇಸಿಡಿ (ಹಲವು ದೇಶಗಳ ಆರ್ಥಿಕ ಸಹಕಾರ ಸಂಘಟನೆ) ಬರೆದಿಟ್ಟ ಒಪ್ಪಂದದ 15ನೇ ವಿಧಿಯಲ್ಲಿ ದಿನದ ಲೆಕ್ಕ ಮೂರು ಷರತ್ತುಗಳಲ್ಲಿ ಒಂದು ಮಾತ್ರ. ಸಂಬಳ ಕೊಡುವ ಸಂಸ್ಥೆ ಆ ದೇಶದ್ದಾಗಿರಬಾರದು. ಸಂಬಳದ ಖರ್ಚು ಅಲ್ಲಿನ ಶಾಖೆಯ ಮೇಲೆ ಬೀಳಬಾರದು. ಮೂರೂ ಕೂಡಿ ಬರಬೇಕು. ಇವರ ಸಂಬಳ ಎಂದಿನ ಖಾತೆಗೇ ಬರುತ್ತಿತ್ತು, ನಿಜ. ಆದರೆ ಖರ್ಚನ್ನು ಅಲ್ಲಿನ ಶಾಖೆಯ ಲೆಕ್ಕಕ್ಕೆ ಹಾಕಿದ್ದರು. ಅದನ್ನು ನಾನು ವಿಚಾರಿಸಿಯೇ ಇರಲಿಲ್ಲ.

ದಿನ ಎಣಿಸುವುದೂ ಸುಲಭ ಅಲ್ಲ. ಬ್ರಿಟನ್‌ನಲ್ಲಿ ಸಾಮಾನ್ಯವಾಗಿ ಮಧ್ಯರಾತ್ರಿ ಅಲ್ಲಿದ್ದರೆ ಆ ದಿನ ಲೆಕ್ಕಕ್ಕೆ. ಅಮೆರಿಕದಲ್ಲಿ ಸ್ವಲ್ಪ ಹೊತ್ತು ಇದ್ದರೂ ಹೆಚ್ಚಾಗಿ ಇಡೀ ದಿನ ಲೆಕ್ಕಕ್ಕೆ. ಅಲ್ಲಿ ಹಿಂದಿನ ವರ್ಷಗಳೂ ಸೇರುತ್ತವೆ: ಈ ವರ್ಷದ ಅಷ್ಟೂ ದಿನ, ಕಳೆದ ವರ್ಷದ ಮೂರನೇ ಒಂದು ಭಾಗ, ಅದರ ಹಿಂದಿನದರ ಆರನೇ ಒಂದು ಭಾಗ. ಮೂರು ವರ್ಷ 130 ದಿನದಂತೆ ಇದ್ದರೆ ಒಟ್ಟು 195 ಆಗಿಬಿಡುತ್ತದೆ. 183 ದಾಟಿತು ಅಲ್ವಾ? ಯಾವ ವರ್ಷವೂ ಅರ್ಧ ವರ್ಷ ಇರದವರು ಕೂಡ ಹೀಗೆ ಸಿಕ್ಕಿಕೊಳ್ಳಬಹುದು.

ಎರಡೂ ದೇಶ "ಇವರು ನಮ್ಮ ನಿವಾಸಿ" ಅಂದರೆ? ಆಗ ಅದೇ ಮಾದರಿ ಒಪ್ಪಂದದ 4ನೇ ವಿಧಿ. ಅದು ದಿನ ಎಣಿಸುವುದರಿಂದ ಶುರು ಮಾಡುವುದಿಲ್ಲ, ಇದು ನನಗೆ ತುಂಬ ಹಿಡಿಸಿದ ಮಾತು. ಮೊದಲು ನಿಮ್ಮ ಕಾಯಂ ಮನೆ ಎಲ್ಲಿದೆ ಅಂತ ನೋಡುತ್ತದೆ. ಎರಡೂ ಕಡೆ ಇದ್ದರೆ ಸಂಸಾರ, ದುಡಿಮೆ, ಆಸ್ತಿ, ಒಡನಾಟ ಯಾವ ಕಡೆ ಜಾಸ್ತಿ ಅಂತ. ಆಮೇಲೆ ವಾಡಿಕೆಯಾಗಿ ಎಲ್ಲಿ ಇರುತ್ತೀರಿ, ಕೊನೆಗೆ ಪೌರತ್ವ. ಅದರಲ್ಲೂ ತೀರ್ಮಾನ ಆಗದಿದ್ದರೆ ಎರಡೂ ಸರ್ಕಾರಗಳು ಮಾತಾಡಿಕೊಳ್ಳಬೇಕು.

ಆ ಸಹೋದ್ಯೋಗಿ ಅಲ್ಲಿ ತೆರಿಗೆ ಕಟ್ಟಿದರು. ಅದರ ರಸೀದಿ ಇಟ್ಟುಕೊಂಡು ತಮ್ಮ ದೇಶದಲ್ಲಿ ಕ್ರೆಡಿಟ್ ಕೇಳಿದರು, ಅಂದರೆ ಅಲ್ಲಿ ಕಟ್ಟಿದ್ದನ್ನು ಇಲ್ಲಿನ ತೆರಿಗೆಯಲ್ಲಿ ಕಳೆಯಿರಿ ಅಂತ. ಸಿಕ್ಕಿತು, ಆದರೆ ತಿಂಗಳುಗಟ್ಟಲೆ ಅವರ ಕೈಯಿಂದ ಎರಡೆರಡು ಸಲ ದುಡ್ಡು ಹೋಗಿತ್ತು. ಆ ತಪ್ಪು ನನ್ನದು. ಅವರ ಹತ್ತಿರ ಹೋಗಿ ಹಾಗೇ ಹೇಳಿದೆ.

ಈಗ ಯಾರೇ ಹೊರಟರೂ ಮೊದಲ ದಿನದಿಂದಲೇ ಓಡಾಟದ ತಾರೀಖು ಬರೆದಿಡಲು ಹೇಳುತ್ತೇನೆ, ಬೋರ್ಡಿಂಗ್ ಪಾಸ್ ಸಮೇತ. ಸಂಬಳದ ಖರ್ಚು ಯಾರ ಪುಸ್ತಕಕ್ಕೆ ಹೋಗುತ್ತದೆ ಅಂತ ಅಕೌಂಟ್ಸ್‌ನವರನ್ನು ನಾನೇ ಕೇಳುತ್ತೇನೆ. ಮೊನ್ನೆ ಒಬ್ಬರು ಬಂದು "ಎಷ್ಟು ದಿನ ಇರಬಹುದು ಮೇಡಂ?" ಅಂದರು. "ಕೂತ್ಕೊಳ್ಳಿ," ಅಂದೆ, "ಇಲ್ಲಿನ ಮನೆ ಇಟ್ಟುಕೊಳ್ತೀರಾ, ಬಾಡಿಗೆಗೆ ಕೊಡ್ತೀರಾ? ಮನೆಯವರೂ ಜೊತೆಗೆ ಬರ್ತಾರಾ?"