ವಿಮಾನಕ್ಕಿಂತ ಮೊದಲು ಹೊರಡುವ ತಂತಿ

ಬೆಂಗಳೂರಿನಿಂದ ದೆಹಲಿಗೆ ಹೋಗುವ ವಿಮಾನಕ್ಕೆ ಪ್ರಯಾಣಿಕರು ಹತ್ತುವುದಕ್ಕೆ ಬಹಳ ಮೊದಲೇ ಅದರ ಹೆಸರಿನಲ್ಲಿ ಒಂದು ಸಂದೇಶ ದಾರಿಯುದ್ದಕ್ಕೂ ಇರುವ ನಿಯಂತ್ರಣ ಕೇಂದ್ರಗಳನ್ನು ತಲುಪಿರುತ್ತದೆ. ಆವರಣ ಚಿಹ್ನೆಯಿಂದ ಆರಂಭವಾಗಿ ಆವರಣ ಚಿಹ್ನೆಯಿಂದಲೇ ಮುಗಿಯುವ, ನಡುವೆ ದೊಡ್ಡಕ್ಷರದ ಇಂಗ್ಲಿಷ್, ಅಂಕಿ, ಅಡ್ಡಗೆರೆ, ಓರೆಗೆರೆಗಳಷ್ಟೇ ಇರುವ ಈ ಸಂದೇಶವನ್ನು ಫ್ಲೈಟ್ ಪ್ಲಾನ್ ಎನ್ನುತ್ತಾರೆ. ವಿಮಾನಯಾನ ಸಂಸ್ಥೆಯೊಂದರ ಡಿಸ್ಪ್ಯಾಚ್ ವಿಭಾಗದಲ್ಲಿ ಕುಳಿತು ಇಂಥ ಸಂದೇಶಗಳನ್ನು ಸಿದ್ಧಪಡಿಸಿ ಕಳುಹಿಸುವುದೇ ನನ್ನ ವೃತ್ತಿಯಾಗಿತ್ತು. ವಾಯು ಸಂಚಾರ ನಿಯಂತ್ರಣದ ಆಧುನೀಕರಣ ಎಂದೊಡನೆ ಪತ್ರಿಕೆಗಳಲ್ಲಿ ಎತ್ತರದ ಟವರ್, ತಿರುಗುವ ರೇಡಾರ್, ಉಪಗ್ರಹಗಳ ಚಿತ್ರ ಬರುತ್ತದೆ. ಈ ಸಂದೇಶದ ಚಿತ್ರ ಅಚ್ಚಾದದ್ದನ್ನು ನಾನು ಕಂಡಿಲ್ಲ. ಆದರೆ ಆಕಾಶದಲ್ಲಿ ಏನೇನು ಬದಲಾಯಿತು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಇದನ್ನೇ. ಆ ಬದಲಾವಣೆ ಎಲ್ಲಿ ಮುಗ್ಗರಿಸುತ್ತದೆ ಎಂದು ಕೇಳಿದರೂ ಇದನ್ನೇ.

ನಾನು ಕೆಲಸಕ್ಕೆ ಸೇರಿದಾಗ ಬೆಂಗಳೂರಿನ ವಿಮಾನಗಳೆಲ್ಲ ಎಚ್‌ಎಎಲ್ ನಿಲ್ದಾಣದಿಂದಲೇ ಹೊರಡುತ್ತಿದ್ದವು. ಅಂದು ಫ್ಲೈಟ್ ಪ್ಲಾನ್ ಎಂದರೆ ಕಲಂಗಳಿದ್ದ ಅಚ್ಚಿನ ಫಾರಂ. ಅದನ್ನು ಕೈಯಲ್ಲಿ ತುಂಬಿ, ಹವಾಮಾನದ ಕಾಗದಗಳ ಜೊತೆಗೆ ಪೈಲಟ್‌ನ ಸಹಿ ಪಡೆದು ಒಪ್ಪಿಸಿದರೆ, ಒಳಗಿನವರು ಅದನ್ನು ಟೆಲಿಪ್ರಿಂಟರ್ ಜಾಲಕ್ಕೆ ಏರಿಸುತ್ತಿದ್ದರು. ಆ ಜಾಲದ ಕಟ್ಟಳೆಗಳು ಇಂದಿಗೂ ನನ್ನ ಬೆರಳಿನಲ್ಲಿವೆ: ಸಾಲಿಗೆ 69 ಅಕ್ಷರ, ಇಡೀ ಸಂದೇಶಕ್ಕೆ 1800 ಅಕ್ಷರ, ವಿಳಾಸಕ್ಕೆ ಎಂಟೇ ಅಕ್ಷರ. ಒಂದು ಕೇಂದ್ರಕ್ಕೆ ಬಂದ ಸಂದೇಶದ ತೂತಿನ ಕಾಗದಪಟ್ಟಿಯನ್ನು ಹರಿದು ಮುಂದಿನ ಊರಿನ ಯಂತ್ರಕ್ಕೆ ಉಣಿಸುತ್ತಿದ್ದ ಕಾಲವನ್ನು ನನ್ನ ಹಿರಿಯರು ಕಂಡಿದ್ದರು. ಆ ಹರಿಯುವ ಕೆಲಸ ಕಂಪ್ಯೂಟರಿನ ಪಾಲಿಗೆ ಬಂದಾಗ ಯಂತ್ರ ಬದಲಾಯಿತೇ ಹೊರತು ಬರವಣಿಗೆ ಬದಲಾಗಲಿಲ್ಲ. ನಮ್ಮ ದೇಶದ ಸಾರ್ವಜನಿಕ ತಂತಿ ಸೇವೆ 2013ರ ಜುಲೈಯಲ್ಲಿ ಮುಚ್ಚಿತು. ವಿಮಾನಗಳ ತಂತಿಗೆ ಅಂಥ ಬೀಳ್ಕೊಡುಗೆ ಇನ್ನೂ ಸಿಕ್ಕಿಲ್ಲ.

ಈ ಸಂದೇಶದಲ್ಲಿ ನನಗೆ ಅತ್ಯಂತ ಕುತೂಹಲದ್ದು ಹತ್ತನೆಯ ಕಲಂ. ವಿಮಾನದಲ್ಲಿ ಯಾವ ಯಾವ ಉಪಕರಣವಿದೆ, ಸಿಬ್ಬಂದಿಗೆ ಯಾವ ಯಾವ ಅರ್ಹತೆಯಿದೆ ಎಂಬುದನ್ನು ಅಲ್ಲಿ ಒಂದೊಂದು ಅಕ್ಷರದಲ್ಲಿ ಹೇಳಬೇಕು. ಆಕಾಶಕ್ಕೆ ಬಂದ ಹೊಸ ವ್ಯವಸ್ಥೆಗಳು ಬಹುಮಟ್ಟಿಗೆ ಇಲ್ಲಿ ಅಕ್ಷರಗಳಾಗಿಯೇ ಇಳಿದಿವೆ, ಮತ್ತು ಕೆಲವದರ ಹಿಂದೆ ಸಾವಿನ ನೆನಪಿದೆ. 1996ರ ನವೆಂಬರ್ 12ರ ಸಂಜೆ ಹರಿಯಾಣದ ಚರ್ಖಿ ದಾದ್ರಿಯ ಮೇಲೆ, ದೆಹಲಿಯಿಂದ ಏರುತ್ತಿದ್ದ ಸೌದಿಯ ಬೋಯಿಂಗ್ ವಿಮಾನಕ್ಕೂ ದೆಹಲಿಗೆ ಇಳಿಯುತ್ತಿದ್ದ ಕಝಾಕಿಸ್ತಾನದ ಇಲ್ಯೂಷಿನ್ ವಿಮಾನಕ್ಕೂ ಡಿಕ್ಕಿಯಾಗಿ 349 ಜನ ಸತ್ತರು. ಒಂದಕ್ಕೆ 14,000 ಅಡಿ, ಇನ್ನೊಂದಕ್ಕೆ 15,000 ಅಡಿ ಎಂದು ಕಂಟ್ರೋಲರ್ ಸರಿಯಾಗಿಯೇ ಹೇಳಿದ್ದರು. ಇಳಿಯುತ್ತಿದ್ದ ವಿಮಾನ ತನಗೆ ಕೊಟ್ಟ ಎತ್ತರಕ್ಕಿಂತ ಕೆಳಗೆ ಬಂದಿತು. ಅಂದಿನ ದೆಹಲಿಯ ರೇಡಾರ್ ವಿಮಾನ ಎಲ್ಲಿದೆ ಎಂಬುದನ್ನು ತೋರಿಸುತ್ತಿತ್ತು, ಎಷ್ಟು ಎತ್ತರದಲ್ಲಿದೆ ಎಂಬುದನ್ನಲ್ಲ. ಎತ್ತರದ ಮಟ್ಟಿಗೆ ಕಂಟ್ರೋಲರ್‌ಗೆ ಆಧಾರವಾಗಿದ್ದುದು ಪೈಲಟ್‌ನ ಬಾಯಿಮಾತು ಮಾತ್ರ. ಆ ದುರಂತದ ನಂತರ ಎತ್ತರವನ್ನೂ ತಿಳಿಸುವ ರೇಡಾರ್, ಡಿಕ್ಕಿ ತಪ್ಪಿಸಲು ವಿಮಾನದೊಳಗೇ ಎಚ್ಚರಿಸುವ ಉಪಕರಣದ ಕಡ್ಡಾಯ, ದೆಹಲಿಯಲ್ಲಿ ಬರುವ ಮತ್ತು ಹೋಗುವ ವಿಮಾನಗಳಿಗೆ ಬೇರೆ ಬೇರೆ ದಾರಿ ಎಲ್ಲವೂ ಬಂದವು.

ಎತ್ತರದ ಅಳತೆಯ ಮೇಲೆ ನಂಬಿಕೆ ಗಟ್ಟಿಯಾದ ಮೇಲೆ ಅಂತರವನ್ನು ಕುಗ್ಗಿಸುವ ಧೈರ್ಯವೂ ಬಂದಿತು. 2003ರ ನವೆಂಬರ್ 27ರಿಂದ ನಮ್ಮ ವಾಯುಪ್ರದೇಶದಲ್ಲಿ 29,000ದಿಂದ 41,000 ಅಡಿಗಳ ನಡುವೆ ಒಂದರ ಮೇಲೊಂದು ಹಾರುವ ವಿಮಾನಗಳ ಅಂತರ 2,000 ಅಡಿಯಿಂದ 1,000 ಅಡಿಗೆ ಇಳಿಯಿತು. ಹೊಸ ರಸ್ತೆ ಹಾಕದೆಯೇ ಮೇಲಿನ ಆಕಾಶಕ್ಕೆ ಆರು ಹೊಸ ಮಹಡಿಗಳನ್ನು ಕಟ್ಟಿದಂತಾಯಿತು. ಹತ್ತನೆಯ ಕಲಂನಲ್ಲಿ ಇದೆಲ್ಲ ಒಂದು ಡಬ್ಲ್ಯು ಅಕ್ಷರ. ಅದಿಲ್ಲದ ವಿಮಾನಕ್ಕೆ ಆ ಮಹಡಿಗಳಲ್ಲಿ ಜಾಗವಿಲ್ಲ, ಕೆಳಗೆಯೇ ಹೆಚ್ಚು ಇಂಧನ ಸುಡುತ್ತಾ ಹಾರಬೇಕು. ಹಾಗೆಯೇ ಬಿ ಅಕ್ಷರದ ಹಿಂದೆ ಬೆಂಗಳೂರಿನವರು ಹೆಮ್ಮೆಪಡಬಹುದಾದ ಸಂಗತಿಯಿದೆ. ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ಗಗನ್ ವ್ಯವಸ್ಥೆ ಜಿಪಿಎಸ್‌ನ ತಪ್ಪುಗಳನ್ನು ತಿದ್ದಿ ಉಪಗ್ರಹದ ಮೂಲಕ ವಿಮಾನಕ್ಕೆ ತಿಳಿಸುತ್ತದೆ. ಅದರ ಮುಖ್ಯ ನಿಯಂತ್ರಣ ಕೇಂದ್ರವಿರುವುದು ನಮ್ಮ ಕುಂದಲಹಳ್ಳಿಯಲ್ಲಿ. 2022ರ ಏಪ್ರಿಲ್ 28ರಂದು ಇಂಡಿಗೋದ ಎಟಿಆರ್ ವಿಮಾನವೊಂದು ರಾಜಸ್ಥಾನದ ಕಿಶನ್‌ಗಢದಲ್ಲಿ ಗಗನ್ ನೆರವಿನಿಂದ ಇಳಿಯಿತು. ರನ್‌ವೇ ಪಕ್ಕದಲ್ಲಿ ದುಬಾರಿ ಇಳಿಕೆ ಉಪಕರಣ ಹೂಡಲಾಗದ ಚಿಕ್ಕ ಊರುಗಳಿಗೆ ಇದರ ಬೆಲೆ ಗೊತ್ತು.

ಈ ಅಕ್ಷರಮಾಲೆಯನ್ನೇ ಬದಲಿಸಿದ ದಿನ 2012ರ ನವೆಂಬರ್ 15, ಗುರುವಾರ. ವಾಯುಯಾನದ ಪಂಚಾಂಗದಲ್ಲಿ ನಕ್ಷೆ, ಮಾರ್ಗ, ನಿಯಮಗಳ ಬದಲಾವಣೆ 28 ದಿನಕ್ಕೊಮ್ಮೆ ಗುರುವಾರವೇ ಜಾರಿಗೆ ಬರುವುದರಿಂದ ನಮ್ಮ ಕಚೇರಿಯಲ್ಲಿ ಅದಕ್ಕೆ ರಾಯರ ವಾರ ಎಂದೇ ಹೆಸರಿತ್ತು. ಅಂದಿನಿಂದ ಇಡೀ ಜಗತ್ತಿಗೆ ಹೊಸ ನಮೂನೆಯ ಫ್ಲೈಟ್ ಪ್ಲಾನ್ ಬಂದು, ಉಪಕರಣಗಳ ಸಂಕೇತಗಳು ಹಿಗ್ಗಿದವು. ಮೊದಲ ವಾರದಲ್ಲಿ ಒಂದು ಬೆಳಗಿನ ಜಾವ ನಾನು ಕಳುಹಿಸಿದ ಪ್ಲಾನ್ ತಿರಸ್ಕೃತವಾಗಿ ಹಿಂದಿರುಗಿತು. ಓದಿದೆ, ಮತ್ತೆ ಓದಿದೆ, ತಪ್ಪು ಕಾಣಲಿಲ್ಲ. ಹತ್ತನೆಯ ಕಲಂನಲ್ಲಿ ಆರ್ ಎಂದು ಬರೆದರೆ ಹದಿನೆಂಟನೆಯ ಕಲಂನಲ್ಲಿ ಪಿಬಿಎನ್ (ಗೊತ್ತುಪಡಿಸಿದ ನಿಖರತೆಯಲ್ಲಿ ದಾರಿ ಹಿಡಿದು ಹಾರುವ ಸಾಮರ್ಥ್ಯ) ಎಂದು ಬರೆದು ಅದರ ವಿವರ ಕೊಡಲೇಬೇಕೆಂಬ ಹೊಸ ನಿಯಮವನ್ನು ನಾನು ಮರೆತಿದ್ದೆ. ಹಿಂದೆ ಇಂಥದನ್ನು ಟವರ್‌ನಲ್ಲಿದ್ದ ಮನುಷ್ಯ ಕಣ್ಣಿನಲ್ಲೇ ಸರಿಮಾಡಿಕೊಂಡು ಫೋನಿನಲ್ಲಿ ಎರಡು ಮಾತು ಬೈದು ಸುಮ್ಮನಾಗುತ್ತಿದ್ದ. ಯಂತ್ರ ಬೈಯುವುದಿಲ್ಲ, ಸರಿಮಾಡಿಕೊಳ್ಳುವುದೂ ಇಲ್ಲ. ವಿಮಾನ ಹತ್ತು ನಿಮಿಷ ತಡವಾಗಿ ಹೊರಟಿತು, ತಡಕ್ಕೆ ಕಾರಣ ಬರೆಯುವ ಕಾಗದದಲ್ಲಿ ನನ್ನ ಹೆಸರು ಬಿದ್ದಿತು.

ಇನ್ನೊಂದು ನಿತ್ಯದ ಕಂಟಕ ಸಮಯದ್ದು. ಪ್ಲಾನ್‌ನಲ್ಲಿ ಬರೆಯುವುದು ಗ್ರೀನಿಚ್ ಸಮಯವಾದ್ದರಿಂದ ನಮ್ಮ ಬೆಳಗಿನ ಐದೂಕಾಲರ ವಿಮಾನ ಅಲ್ಲಿ ಹಿಂದಿನ ದಿನದ ರಾತ್ರಿ 23:45ರ ವಿಮಾನ. ನಿದ್ದೆಗಣ್ಣಿನಲ್ಲಿ ದಿನಾಂಕ ಒಂದು ಹೆಚ್ಚಾದರೆ ಕಂಟ್ರೋಲರ್‌ನ ಪರದೆಯಲ್ಲಿ ಅಂಥ ವಿಮಾನವೇ ಇರುವುದಿಲ್ಲ, ಬಾಗಿಲಲ್ಲಿ ಮಾತ್ರ ನೂರೆಂಬತ್ತು ಜನ ನಿಂತಿರುತ್ತಾರೆ.

ನಮ್ಮಂಥವರ ತಪ್ಪು ಒಂದು ವಿಮಾನವನ್ನು ತಡೆಯುತ್ತದೆ. ತಪ್ಪೇ ಇಲ್ಲದ ಒಂದು ಪ್ಲಾನ್ ದೇಶವೊಂದರ ಸಂಚಾರವನ್ನೇ ಕಟ್ಟಿಹಾಕಿದ ಕಥೆ ಇನ್ನೂ ವಿಚಿತ್ರವಾದದ್ದು. 2023ರ ಆಗಸ್ಟ್ 28, ಬ್ರಿಟನ್ನಿನಲ್ಲಿ ರಜೆಯ ಸೋಮವಾರ. ಅಮೆರಿಕದ ಲಾಸ್ ಏಂಜಲೀಸ್‌ನಿಂದ ಪ್ಯಾರಿಸ್‌ನ ಓರ್ಲಿಗೆ ಹೊರಡುವ ವಿಮಾನದ ಪ್ಲಾನ್ ಬ್ರಿಟನ್ನಿನ ಕಂಪ್ಯೂಟರಿಗೆ ಬಂದಿತು. ಆ ದಾರಿಯಲ್ಲಿ ಡಿವಿಎಲ್ ಎಂಬ ಒಂದೇ ಹೆಸರಿನ ಎರಡು ಬಿಂದುಗಳಿದ್ದವು: ಒಂದು ಅಮೆರಿಕದ ನಾರ್ತ್ ಡಕೋಟದ ಡೆವಿಲ್ಸ್ ಲೇಕ್, ಇನ್ನೊಂದು ಫ್ರಾನ್ಸಿನ ದೋವಿಲ್, ನಡುವೆ ಸುಮಾರು 4,000 ನಾಟಿಕಲ್ ಮೈಲಿ. ಬಿಂದುಗಳಿಗೆ ಹೆಸರಿಡುವುದು ಆಯಾ ದೇಶ, ಹೆಸರಿಗಿರುವುದು ಕೆಲವೇ ಅಕ್ಷರ. ಒಂದೇ ಓಣಿಯಲ್ಲಿ ಇಬ್ಬರು ಮಂಜುನಾಥರಿರುವಂತೆ ಜಗತ್ತಿನಲ್ಲಿ ಇಂಥ ಜೋಡಿಗಳು ಇದ್ದೇ ಇವೆ. ವಿಮಾನ ಬ್ರಿಟನ್ನಿನಿಂದ ಹೊರಬೀಳುವ ಜಾಗವನ್ನು ಹುಡುಕುತ್ತಿದ್ದ ತಂತ್ರಾಂಶ ದೋವಿಲ್‌ನ ಬದಲು ಡೆವಿಲ್ಸ್ ಲೇಕ್ ಅನ್ನು ಹಿಡಿದುಕೊಂಡಿತು. ಬ್ರಿಟನ್ನನ್ನು ಪ್ರವೇಶಿಸುವುದಕ್ಕೆ ಮೊದಲೇ ಹೊರಬೀಳುವ ವಿಮಾನ ಹೇಗಿದ್ದೀತು? ಅರ್ಥವಾಗದ ಮಾಹಿತಿಯನ್ನು ಕಂಟ್ರೋಲರ್‌ಗೆ ಕೊಡಬಾರದೆಂಬ ಕಟ್ಟುನಿಟ್ಟಿನಿಂದ ಅದು ತನ್ನನ್ನು ತಾನೇ ನಿಲ್ಲಿಸಿಕೊಂಡಿತು. ಕೂಡಲೇ ಬದಲಿ ಯಂತ್ರ ಕೆಲಸ ವಹಿಸಿಕೊಂಡು, ಅದೇ ಪ್ಲಾನನ್ನು ಅದೇ ತಂತ್ರಾಂಶದಿಂದ ಓದಿ, ಅದೇ ಜಾಗದಲ್ಲಿ ನಿಂತಿತು. ಎಲ್ಲ ಮುಗಿಯಲು ಹಿಡಿದದ್ದು 20 ಸೆಕೆಂಡ್.

ಕೂಡಿಟ್ಟಿದ್ದ ಮಾಹಿತಿ ನಾಲ್ಕು ಗಂಟೆಗಾಗುವಷ್ಟಿತ್ತು. ಅಷ್ಟರಲ್ಲಿ ಸರಿಯಾಗದೆ, ಪ್ಲಾನ್‌ಗಳನ್ನು ಕೈಯಿಂದ ಸೇರಿಸುವ ಸ್ಥಿತಿ ಬಂದು, ವಿಮಾನಗಳ ಸಂಖ್ಯೆಯನ್ನೇ ಕತ್ತರಿಸಬೇಕಾಯಿತು. ಏಳು ಲಕ್ಷಕ್ಕೂ ಹೆಚ್ಚು ಪ್ರಯಾಣಿಕರಿಗೆ ಅದರ ಬಿಸಿ ತಟ್ಟಿತು. ಸುರಕ್ಷತೆಯ ದೃಷ್ಟಿಯಿಂದ ಆ ಯಂತ್ರ ನಿಂತದ್ದು ಸರಿ ಎಂದು ವಾದಿಸುವವರಿದ್ದಾರೆ. ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಅರ್ಥವಾಗದ ಒಂದು ಪ್ಲಾನನ್ನು ಪಕ್ಕಕ್ಕಿಟ್ಟು ಮುಂದಿನದನ್ನು ಓದುವುದು ಅನುಭವವಿರುವ ಯಾವ ಗುಮಾಸ್ತನಿಗೂ ಗೊತ್ತಿರುವ ವಿದ್ಯೆ. ಯಂತ್ರಕ್ಕೆ ಅದನ್ನು ಕಲಿಸದೆ ಹೋದದ್ದು ಕಟ್ಟಿಸಿದವರ ಲೋಪ.

ಅದೇ ವರ್ಷದ ಜನವರಿ 11ರಂದು ಅಮೆರಿಕದಲ್ಲಿ, ಪೈಲಟ್‌ಗಳಿಗೆ ಎಚ್ಚರಿಕೆಗಳನ್ನು ತಿಳಿಸುವ ನೋಟಾಮ್ ವ್ಯವಸ್ಥೆಯ ಮೂಲ ದತ್ತಾಂಶವನ್ನು ಬದಲಿ ದತ್ತಾಂಶಕ್ಕೆ ಸರಿಹೊಂದಿಸುವಾಗ ಕೆಲವು ಕಡತಗಳು ಅಳಿಸಿಹೋಗಿ, ದೇಶದೊಳಗಿನ ನಿರ್ಗಮನಗಳೆಲ್ಲ ಬೆಳಿಗ್ಗೆ ಕೆಲ ಹೊತ್ತು ನಿಂತವು. 2025ರ ನವೆಂಬರ್ ಮೊದಲ ವಾರದಲ್ಲಿ ದೆಹಲಿಯ ಸರದಿ. ಅಲ್ಲಿ ಕೈಕೊಟ್ಟದ್ದು ರೇಡಾರ್ ಅಲ್ಲ, ರೇಡಿಯೋ ಅಲ್ಲ; ಹರಿದ ಕಾಗದಪಟ್ಟಿಯ ಜಾಗಕ್ಕೆ ಬಂದ, ಸಂದೇಶಗಳನ್ನು ಹಂಚುವ ಕಂಪ್ಯೂಟರ್. ಪ್ಲಾನ್‌ಗಳು ತಾವಾಗಿ ಪರದೆಗೆ ಬಾರದೆ, ಕಂಟ್ರೋಲರ್‌ಗಳು ಕೈಯಿಂದಲೇ ಸಿದ್ಧಪಡಿಸಿಕೊಳ್ಳಬೇಕಾಯಿತು. 800ಕ್ಕೂ ಹೆಚ್ಚು ವಿಮಾನಗಳು ತಡವಾದವು. ಆ ದಿನ ಟಿವಿಯಲ್ಲಿ ರೇಡಾರ್ ಕೆಟ್ಟಿದೆಯೆಂದು ಕೇಳಿದ ನೆಂಟರೊಬ್ಬರು ನನಗೆ ಫೋನ್ ಮಾಡಿ, ಹಾಗಾದರೆ ವಿಮಾನಗಳು ಕುರುಡಾಗಿ ಹಾರುತ್ತಿವೆಯೇ ಎಂದು ಗಾಬರಿಯಿಂದ ಕೇಳಿದರು. ಇಲ್ಲ, ಕಣ್ಣು ಚೆನ್ನಾಗಿಯೇ ಇದೆ, ಬರುವವರ ಪಟ್ಟಿ ಕಳೆದುಹೋಗಿದೆ ಅಷ್ಟೇ, ಎಂದೆ.

ಪಟ್ಟಿ ಸರಿಯಿದ್ದರೆ ಏನಾಗುತ್ತದೆ ಎಂಬುದಕ್ಕೂ ದೆಹಲಿಯೇ ಉದಾಹರಣೆ. ಅಲ್ಲಿ ಮಂಜು ಕವಿದ ಬೆಳಿಗ್ಗೆ ಬೆಂಗಳೂರಿನ ಬಿಸಿಲಿನಲ್ಲಿ ಬಾಗಿಲು ಮುಚ್ಚಿಕೊಂಡು ನಿಂತ ವಿಮಾನದೊಳಗೆ ಕುಳಿತು ನೀವು ಪೈಲಟ್‌ನನ್ನು ಶಪಿಸಿರಬಹುದು. ದೇಶದ ಸಂಚಾರ ಹರಿವನ್ನು ನೋಡಿಕೊಳ್ಳುವ ಕೇಂದ್ರ, ಎಲ್ಲ ಪ್ಲಾನ್‌ಗಳನ್ನೂ ಒಟ್ಟಿಗೆ ಲೆಕ್ಕಹಾಕಿ, ಆ ವಿಮಾನ ಇಷ್ಟು ಗಂಟೆಗೆ ಮೇಲೇರಿದರೆ ಮಾತ್ರ ಇಳಿಯಲು ಜಾಗವಿದೆ ಎಂದು ಸಮಯ ಗೊತ್ತುಮಾಡಿರುತ್ತದೆ. ಈ ಏರ್ಪಾಡು ಬರುವ ಮೊದಲು ಅದೇ ವಿಮಾನ ಸಮಯಕ್ಕೆ ಸರಿಯಾಗಿ ಹೊರಟು, ದೆಹಲಿಯ ಹತ್ತಿರ ಆಕಾಶದಲ್ಲಿ ಗಾಣದೆತ್ತಿನಂತೆ ಸುತ್ತುತ್ತಾ, ಗಂಟೆಗೆ ಸುಮಾರು ಎರಡೂವರೆ ಟನ್ ಇಂಧನ ಸುಟ್ಟು, ಕೊನೆಗೆ ಜೈಪುರಕ್ಕೋ ಲಖನೌಗೋ ಹೋಗಿ ಇಳಿಯುತ್ತಿತ್ತು. ಪ್ರಯಾಣಿಕರಿಗೆ ಹಾರುತ್ತಾ ಕಾಯುವುದು ಕಾಯುವಿಕೆ ಎನಿಸುವುದಿಲ್ಲ, ನೆಲದಲ್ಲಿ ಕಾಯುವುದು ಸಹಿಸುವುದಿಲ್ಲ. ಡಿಸ್ಪ್ಯಾಚ್‌ನವರಿಗೆ ಇದು ತಲೆಕೆಳಗು.

ಅಂತರರಾಷ್ಟ್ರೀಯ ನಾಗರಿಕ ವಾಯುಯಾನ ಸಂಘಟನೆ ಈ ತಂತಿಯನ್ನು 2034ರ ಹೊತ್ತಿಗೆ ಕೈಬಿಡುವ ಯೋಜನೆ ಹಾಕಿದೆ. ಅದರ ಜಾಗಕ್ಕೆ ಬರುವ ಎಫ್‌ಎಫ್ ಐಸ್ ಎಂಬ ಪದ್ಧತಿಯಲ್ಲಿ ಅಕ್ಷರಮಿತಿಯ ಸಂದೇಶವಿಲ್ಲ. ಪ್ರತಿ ಹಾರಾಟಕ್ಕೂ ಜಗತ್ತಿನಲ್ಲೇ ಬೇರೊಂದಿಲ್ಲದ ಗುರುತು, ಯಾವ ಕ್ಷಣಕ್ಕೆ ಎಲ್ಲಿ ಎಷ್ಟು ಎತ್ತರದಲ್ಲಿರುತ್ತದೆ ಎಂಬ ಪೂರ್ತಿ ಪಥ, ಸಂಸ್ಥೆ ಮತ್ತು ನಿಯಂತ್ರಣ ಕೇಂದ್ರಗಳ ನಡುವೆ ಮೊದಲೇ ನಡೆಯುವ ಚೌಕಾಸಿ ಎಲ್ಲವೂ ಇರುತ್ತವೆ. ಬರಲಿ ಎಂದೇ ನಾನು ಹೇಳುತ್ತೇನೆ. 69 ಅಕ್ಷರದ ಸಾಲನ್ನು ಎಣಿಸಿದವನಿಗೆ ಅದರ ಮೇಲೆ ಮೋಹವೇನೂ ಇಲ್ಲ. ಆದರೆ ಹಳೆಯ ಮತ್ತು ಹೊಸ ಭಾಷೆಗಳು ಜೊತೆಜೊತೆಗೆ ಓಡುವ ವರ್ಷಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಅನುವಾದಿಸುವ ಯಂತ್ರಗಳೇ ದುರ್ಬಲ ಕೊಂಡಿಯಾಗುತ್ತವೆ ಎಂಬ ಅನುಮಾನ ನನಗಿದೆ. ಬ್ರಿಟನ್ನಿನಲ್ಲಿ ನಿಂತದ್ದೂ ಅಂಥದೇ ಒಂದು ನಡುವಿನ ಯಂತ್ರ.

ನಿವೃತ್ತಿಗೆ ಮುಂಚೆ ಹೊಸ ಹುಡುಗರಿಂದ ತಿಂಗಳಿಗೊಮ್ಮೆ ಹಳೆಯ ಫಾರಂ ಅನ್ನು ಪೆನ್ನಿನಲ್ಲಿ ತುಂಬಿಸುತ್ತಿದ್ದೆ. ಹದಿನೆಂಟನೆಯ ಕಲಂವರೆಗೆ ಗೊಣಗುತ್ತಾ ಬಂದವರು ಹತ್ತೊಂಬತ್ತನೆಯದರ ಬಳಿ ನಿಲ್ಲುತ್ತಿದ್ದರು. ಅದರಲ್ಲಿ ವಿಮಾನದಲ್ಲಿರುವ ಜನರ ಸಂಖ್ಯೆ, ಇಂಧನ ಎಷ್ಟು ಹೊತ್ತಿಗೆ ಸಾಕು, ಲೈಫ್ ಜಾಕೆಟ್ ಇದೆಯೇ, ರಬ್ಬರ್ ದೋಣಿಗಳೆಷ್ಟು, ಅವುಗಳ ಹೊದಿಕೆಯ ಬಣ್ಣ ಯಾವುದು ಎಂದೆಲ್ಲ ಬರೆಯಬೇಕು. ಉಳಿದ ಕಲಂಗಳು ತಂತಿಯಾಗಿ ಹೋಗುತ್ತವೆ. ಈ ಕಲಂ ಮಾತ್ರ ಹೋಗುವುದಿಲ್ಲ, ಹೊರಟ ಊರಿನಲ್ಲಿಯೇ ಉಳಿಯುತ್ತದೆ. ಕಳಿಸದೇ ಇರುವುದನ್ನು ಯಾಕೆ ಬರೆಯಬೇಕು ಸಾರ್ ಎಂದು ಒಬ್ಬ ಹುಡುಗಿ ಕೇಳಿದಳು. ವಿಮಾನ ತಲುಪದಿದ್ದರೆ ಕೇಳಿಕೊಂಡು ಬರುತ್ತಾರೆ ಎಂದೆ. ಅವಳು ಬಣ್ಣದ ಜಾಗದಲ್ಲಿ ಹಳದಿ ಎಂದು ಬರೆದು, ಒಂದು ನಿಮಿಷ ಯೋಚಿಸಿ, ಎದ್ದು ಹೋಗಿ ಇಂಜಿನಿಯರಿಂಗ್ ವಿಭಾಗಕ್ಕೆ ಫೋನ್ ಹಚ್ಚಿ ಅದು ನಿಜವಾಗಿಯೂ ಹಳದಿಯೇ ಎಂದು ವಿಚಾರಿಸಿದಳು.