ನಿವೃತ್ತಿಯ ಮೇಲೆ ಹತ್ತಿದ ಅನಿಮೆ ಹುಚ್ಚು

ಶಿಡ್ಲಘಟ್ಟ
14 ಜೂನ್ 2025, ಶನಿವಾರ

ಅಂಚೆ ಇಲಾಖೆಯ ಕೆಲಸದಿಂದ ನಿವೃತ್ತನಾದವನು ಸಂಜೆಯ ಹೊತ್ತು ಅನಿಮೆ, ಅಂದರೆ ಜಪಾನಿನ ಅನಿಮೇಷನ್ ಚಿತ್ರ, ಸರಣಿಗಳನ್ನು ನೋಡುತ್ತಾನೆಂದರೆ ನಮ್ಮೂರಿನಲ್ಲಿ ನಗುವವರೇ ಹೆಚ್ಚು. ವಾಕಿಂಗಿಗೆ ಜೊತೆಯಾಗುವ ಗೆಳೆಯರಂತೂ ಅದನ್ನು ಕಾರ್ಟೂನು ಎಂದೇ ಕರೆಯುತ್ತಾರೆ, ನಾನು ತಿದ್ದುವ ಗೋಜಿಗೆ ಹೋಗುವುದಿಲ್ಲ. ಹುಚ್ಚು ಹಿಡಿಸಿದ್ದು ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಗಳು. ಹಾಗೆಂದು ಅದು ನಮ್ಮ ಮನೆಗಳಿಗೆ ಪೂರ್ತಿ ಹೊಸತೇನೂ ಅಲ್ಲ. 1990ರ ದಶಕದಲ್ಲಿ ದೂರದರ್ಶನದಲ್ಲಿ ಹಿಂದಿ ಹಾಡಿನೊಂದಿಗೆ ಬರುತ್ತಿದ್ದ ಮೋಗ್ಲಿಯ ‘ಜಂಗಲ್ ಬುಕ್’ ಧಾರಾವಾಹಿ 1989ರಲ್ಲಿ ಜಪಾನಿನಲ್ಲಿ ತಯಾರಾದದ್ದೇ. ಬೀದಿಯ ಮಕ್ಕಳೆಲ್ಲ ಒಂದೇ ಟಿವಿಯ ಮುಂದೆ ಕೂತು ನೋಡುತ್ತಿದ್ದ ಆ ಕಾಲದಲ್ಲಿ ಅದು ಯಾವ ದೇಶದ್ದೆಂದು ಕೇಳಿದವರು ಯಾರೂ ಇರಲಿಲ್ಲ.

ಮೊಮ್ಮಗಳು ಮೆಚ್ಚುವುದೆಲ್ಲ ನನಗೆ ಹಿಡಿಸುವುದಿಲ್ಲ. ಕೂಗಾಟವೇ ಮಾತಾಗಿರುವ, ಒಂದು ಹೊಡೆದಾಟ ಮುಗಿಯಲು ನಾಲ್ಕಾರು ಕಂತು ಬೇಕಾಗುವ ಸರಣಿಗಳನ್ನು ನಾನು ಬೇಗನೆ ಕೈಬಿಟ್ಟೆ. ಹುಡುಗಿಯರನ್ನು ನೋಡುಗರ ಕಣ್ಣಿಗೆ ಮೇವಾಗಿಯೇ ಬರೆದಿರುವ ಸರಣಿಗಳ ಬಗ್ಗೆ ಹೇಳುವುದೇ ಬೇಡ. ನನ್ನನ್ನು ಹಿಡಿದು ಕೂರಿಸಿದ್ದು ಮನುಷ್ಯರು ಕೆಲಸ ಮಾಡುವುದನ್ನು ಅವಸರವಿಲ್ಲದೆ ತೋರಿಸುವ ಚಿತ್ರಗಳು. ಅನ್ನ ಬೇಯುವುದು, ನೆಲ ಒರೆಸುವುದು, ಗದ್ದೆಯಲ್ಲಿ ನಾಟಿ ಹಾಕುವುದು ಇವೆಲ್ಲ ಕಥೆಗೆ ಬೇಕೋ ಬೇಡವೋ, ಅವುಗಳಿಗೆ ಸಲ್ಲಬೇಕಾದ ಹೊತ್ತು ಅಲ್ಲಿ ಸಲ್ಲುತ್ತದೆ. ನಮ್ಮ ಸಿನಿಮಾಗಳಲ್ಲಿ ರೈತನು ಹಾಡಿನ ಒಂದು ಚರಣದೊಳಗೆ ಉತ್ತು, ಬಿತ್ತಿ, ಕೊಯ್ದು ಮುಗಿಸಿಬಿಡುತ್ತಾನೆ.

ಈ ನಿಧಾನದ ಹಿಂದೆ ಒಂದಿಷ್ಟು ಬಡತನವೂ ಇದೆಯೆನ್ನುವುದು ಓದಿದ ಮೇಲೆ ತಿಳಿಯಿತು. ಕಾಮಿಕ್ಸ್ ಕಲಾವಿದ ಒಸಾಮು ತೆಜುಕಾ ಅವರ ಅನಿಮೆ ಸರಣಿ ‘ಆಸ್ಟ್ರೋ ಬಾಯ್’ 1963ರ ಜನವರಿ 1ರಂದು ಜಪಾನಿನ ಟಿವಿಯಲ್ಲಿ ಆರಂಭವಾದಾಗ, ವಾರಕ್ಕೊಂದು ಅರ್ಧ ಗಂಟೆಯ ಕಂತನ್ನು ಕಡಿಮೆ ಹಣದಲ್ಲಿ ಮುಗಿಸಬೇಕಾಗಿತ್ತು. ಸಿನಿಮಾದ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಅಷ್ಟಕ್ಕೂ ಬೇರೆ ಬೇರೆ ಚಿತ್ರ ಬರೆಯಲು ಹೊರಟರೆ ವಾರದಲ್ಲಿ ಮುಗಿಯುವ ಮಾತಲ್ಲ. ಆದ್ದರಿಂದ ಒಂದೇ ಚಿತ್ರವನ್ನು ಮೂರು ಚೌಕಟ್ಟಿನವರೆಗೆ ನಿಲ್ಲಿಸುವುದು, ಮೈಯನ್ನು ಅಲುಗಿಸದೆ ಬಾಯನ್ನಷ್ಟೇ ಆಡಿಸುವುದು, ಹಳೆಯ ಚಿತ್ರವನ್ನು ಮತ್ತೆ ಬಳಸುವುದು ಇಂಥ ಉಪಾಯಗಳು ಬಂದವು. ಪಾತ್ರ ಅಲುಗಾಡದೆ ನಿಂತಾಗ ನನ್ನ ಕಣ್ಣು ತಾನಾಗಿ ಹಿಂದಿನ ಮರ, ಮೋಡ, ಗೋಡೆಯ ಬಿರುಕಿನ ಕಡೆಗೆ ಹೋಗುತ್ತದೆ. ಉಳಿತಾಯಕ್ಕೆಂದು ಮಾಡಿದ್ದು ಈ ಮಟ್ಟಿಗೆ ನನಗೆ ಲಾಭವೇ ಆಗಿದೆ.

ನಿರ್ದೇಶಕರಾದ ಹಯಾವೊ ಮಿಯಾಜಾಕಿ ಮತ್ತು ಇಸಾವೊ ತಕಾಹಾತಾ ಜೊತೆಗೂಡಿದ್ದ, 1985ರಲ್ಲಿ ಆರಂಭವಾದ ಸ್ಟುಡಿಯೋ ಘಿಬ್ಲಿಯ ಚಿತ್ರಗಳಲ್ಲಿ ಮಾತ್ರ ಇಂಥ ಕೈಬಿಗಿತ ಕಾಣುವುದಿಲ್ಲ. ಇಬ್ಬರಲ್ಲಿ ಲೋಕಪ್ರಸಿದ್ಧರು ಮಿಯಾಜಾಕಿ. ಅವರ ‘ಸ್ಪಿರಿಟೆಡ್ ಅವೇ’ 2003ರಲ್ಲಿ ಆಸ್ಕರ್ ಪಡೆಯಿತು. ನನ್ನ ಮನಸ್ಸು ವಾಲಿದ್ದು ತಕಾಹಾತಾ ಕಡೆಗೆ. ಅವರು ಸ್ವತಃ ಚಿತ್ರ ಬರೆಯುವವರಲ್ಲದೆಯೂ ಅನಿಮೆಯ ದೊಡ್ಡ ನಿರ್ದೇಶಕರಾದವರು.

ಅವರ 1991ರ ‘ಓನ್ಲಿ ಯೆಸ್ಟರ್ಡೇ’ ಚಿತ್ರವನ್ನು ಇಂದು ಮಧ್ಯಾಹ್ನ ಅಕ್ಕನಿಗೆ ತೋರಿಸಿದೆ. ಇಂಗ್ಲಿಷಿನ ಅಡಿಬರಹವನ್ನು ನಾನು ಕನ್ನಡದಲ್ಲಿ ಹೇಳುತ್ತಾ ಹೋಗಬೇಕಾಗಿದ್ದರಿಂದ ಗಂಟಲು ಒಣಗಿತಾದರೂ, ಮದುವೆಯಾದಂದಿನಿಂದ ಹಳ್ಳಿಯಲ್ಲಿ ರೇಷ್ಮೆ ಹುಳು ಸಾಕಿಕೊಂಡು ಬಂದಿರುವ ಅವಳಿಗಿಂತ ಒಳ್ಳೆಯ ನೋಡುಗರು ಈ ಚಿತ್ರಕ್ಕೆ ಸಿಗಲಾರರು. ಟೋಕಿಯೊದಲ್ಲಿ ಕಚೇರಿ ಕೆಲಸ ಮಾಡುವ 27 ವರ್ಷದ ತಾಯೆಕೊ ರಜೆ ಹಾಕಿ, ರಾತ್ರಿಯ ರೈಲಿನಲ್ಲಿ ಯಾಮಾಗಾತಾ ಪ್ರಾಂತ್ಯದ ಹಳ್ಳಿಗೆ ಹೋಗಿ, ನಿಲ್ದಾಣದಿಂದ ನೇರವಾಗಿ ಕುಸುಬೆ ಹೊಲಕ್ಕಿಳಿಯುತ್ತಾಳೆ. ವಿಜಯಪುರ, ಕಲಬುರಗಿಯ ಕಡೆ ಎಣ್ಣೆಗೆಂದು ಬೆಳೆಯುವ ಅದೇ ಕುಸುಬೆಯನ್ನು ಅಲ್ಲಿ ಹೂವಿನ ಬಣ್ಣಕ್ಕಾಗಿ ಬೆಳೆಯುತ್ತಾರೆ. ಬಿಸಿಲೇರಿದರೆ ಮುಳ್ಳು ಗಟ್ಟಿಯಾಗುವುದರಿಂದ ಇಬ್ಬನಿ ಇರುವಾಗಲೇ ಹೂ ಬಿಡಿಸಬೇಕು. ಆಮೇಲೆ ಅದನ್ನು ತೊಳೆದು ತುಳಿದು, ಚಾಪೆಯ ಮೇಲೆ ಹರಡಿ ಹುಳಿಯಲು ಬಿಟ್ಟು, ಕುಟ್ಟಿ, ಬಿಲ್ಲೆ ತಟ್ಟಿ ಒಣಗಿಸುತ್ತಾರೆ. ಹೂವಿನಲ್ಲಿರುವ ಹಳದಿ ನೀರಿನಲ್ಲಿ ಕರಗಿಹೋಗುತ್ತದೆ, ಕೆಂಪು ಕರಗದೆ ಉಳಿಯುತ್ತದೆ. ಅದೂ ತೀರಾ ಅತ್ಯಲ್ಪ. ಇಷ್ಟನ್ನೂ ಚಿತ್ರ ಸಾವಧಾನವಾಗಿ ತೋರಿಸುತ್ತದೆ.

“ಇವ್ರೂ ನಮ್ಮಂಗೆ ಮಬ್ಬಿಗೇ ಎದ್ದು ಕೀಳ್ತಾರಲ್ಲೋ” ಎಂದಳು ಅಕ್ಕ. ಹಿಪ್ಪುನೇರಳೆ ಸೊಪ್ಪನ್ನು ಅವರ ಮನೆಯಲ್ಲಿಯೂ ಬೆಳಗಿನ ತಂಪಿನಲ್ಲಿಯೇ ಕೊಯ್ಯುತ್ತಾರೆ, ಬಿಸಿಲಿನಲ್ಲಿ ಕೊಯ್ದ ಸೊಪ್ಪು ಬಾಡಿದರೆ ಹುಳು ಸರಿಯಾಗಿ ಮೇಯುವುದಿಲ್ಲ. ಹಿಂದಿನ ಕಾಲದಲ್ಲಿ ಬರಿಗೈಯಲ್ಲಿ ಹೂ ಬಿಡಿಸುತ್ತಿದ್ದ ಹುಡುಗಿಯರ ಬೆರಳಿನ ರಕ್ತದಿಂದ ಬಣ್ಣ ಇನ್ನೂ ಕೆಂಪಾಗುತ್ತಿತ್ತೆಂಬ ಮಾತು, ಆ ಹುಡುಗಿಯರು ಆ ಕೆಂಪನ್ನು ಒಮ್ಮೆಯೂ ಹಚ್ಚಿಕೊಳ್ಳಲಿಲ್ಲವೆಂಬ ಮಾತು ತಾಯೆಕೊಳ ಬಾಯಿಯಲ್ಲಿ ಬಂದಾಗ ಅಕ್ಕ ಚಿತ್ರವನ್ನು ನಿಲ್ಲಿಸುವಂತೆ ಹೇಳಿದಳು. “ಎಷ್ಟು ಗೂಡು ಮಾರ್ಕೆಟ್ಟಿಗೆ ಹೊತ್ವಿ ಅಂತ ಲೆಕ್ಕ ಇಲ್ಲ. ನನ್ನ ಪೆಟ್ಟಿಗೇಲಿ ಇರೋದು ಮದುವೆ ಸೀರೆ ಒಂದೇ” ಎಂದು ಹೇಳಿ, ಮತ್ತೆ ಹಾಕು ಎಂದಳು. ಅವಳ ದನಿಯಲ್ಲಿ ದೂರಿರಲಿಲ್ಲ, ಲೆಕ್ಕ ಒಪ್ಪಿಸುವವರ ಸಮಾಧಾನವಿತ್ತು.

ಆದರೆ ತಾಯೆಕೊ ನಕ್ಕಾಗಲೆಲ್ಲ ಕೆನ್ನೆಯ ಮೇಲೆ ಮೂಡುವ ಗೆರೆಗಳು ಅಕ್ಕನಿಗೆ ಹಿಡಿಸಲಿಲ್ಲ, ಅಷ್ಟು ಸಣ್ಣ ಹುಡುಗಿಯನ್ನು ಮುದುಕಿ ಮಾಡಿದ್ದಾರೆ ಎಂದಳು. ಜಪಾನಿನಲ್ಲಿ ಸಾಮಾನ್ಯವಾಗಿ ಚಿತ್ರ ಮೊದಲು, ಧ್ವನಿ ಆಮೇಲೆ. ಇಲ್ಲಿ 27 ವರ್ಷದ ತಾಯೆಕೊಳ ಮಾತುಗಳನ್ನು ಮೊದಲೇ ಮುದ್ರಿಸಿಕೊಂಡು, ಮಾತಾಡುವಾಗ ಮುಖದ ಸ್ನಾಯುಗಳು ಹೇಗೆ ಆಡುತ್ತವೆಯೋ ಹಾಗೆಯೇ ಬರೆದಿದ್ದಾರೆ. ನನಗೆ ಆ ಗೆರೆಗಳಿಂದಲೇ ಅವಳು ನಿಜವಾದ ಹೆಂಗಸಾಗಿ ಕಾಣುತ್ತಾಳೆ. ಈ ವಿಷಯದಲ್ಲಿ ಅಕ್ಕ ತಮ್ಮನ ನಡುವೆ ರಾಜಿಯಾಗಲಿಲ್ಲ.

ಮುಂದಿನ ಸಲ ಯಾವುದನ್ನು ಹಾಕುವುದೆಂಬ ಯೋಚನೆ ಈಗಲೇ ಶುರುವಾಗಿದೆ. ತಕಾಹಾತಾರ ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’ ಮತ್ತು ಮಿಯಾಜಾಕಿಯವರ ‘ಮೈ ನೇಬರ್ ಟೊಟೊರೊ’ 1988ರ ಏಪ್ರಿಲ್ 16ರಂದು ಜಪಾನಿನಲ್ಲಿ ಜೋಡಿ ಚಿತ್ರಗಳಾಗಿ ಒಟ್ಟಿಗೇ ತೆರೆ ಕಂಡವು. ಬಾಂಬಿಗೆ ಸುಟ್ಟ ಕೋಬೆ ನಗರದ ಅಣ್ಣ ತಂಗಿಯರು ಹಸಿವಿನಿಂದ ಸೊರಗುವ ಕಥೆಯನ್ನೂ, ಕಾಡಿನ ಗುಂಡು ಹೊಟ್ಟೆಯ ಜೀವಿಯ ಕಥೆಯನ್ನೂ ಒಂದೇ ಕೂತಿನಲ್ಲಿ ಅಲ್ಲಿಯ ಜನ ಹೇಗೆ ನೋಡಿದರೋ ನನಗೆ ಅರ್ಥವಾಗುವುದಿಲ್ಲ. ಅಕ್ಕನಿಗೆ ಟೊಟೊರೊವನ್ನೇ ಹಾಕುತ್ತೇನೆ. ಅದರಲ್ಲಿ ಕೈಪಂಪು ಇದೆ, ಅಜ್ಜಿಯ ತರಕಾರಿ ತೋಟ ಇದೆ. ತೋಟದ ಬಗ್ಗೆ ಅವಳಿಗೆ ಹೇಳಲು ಬೇಕಾದಷ್ಟು ಇರುತ್ತದೆ.